ಸಾಕು ಎಂದವರಿಗೆ ಇನ್ನೊಂದು ರೊಟ್ಟಿ

ಗದಗ, ಡಿಸೆಂಬರ್ ೩೨, ೨೧೮೯

ನೂರೈವತ್ತು ವರ್ಷಕ್ಕೂ ಹಿಂದೆ ಇರುವ ಖಾನಾವಳಿಯವರಿಗೂ, ಹೋಟೆಲಿನವರಿಗೂ, ಅಲ್ಲಿ ಕುಳಿತು ಉಣ್ಣುವವರಿಗೂ ಕಸ್ತೂರೆವ್ವ ಮಾಡುವ ಶರಣು.

ನಿನ್ನೆ ಒಂದು ಕೆಟ್ಟ ಕನಸು ಬಿದ್ದಿತು. ಅಂಗಳದ ತುಂಬ ಪಂಕ್ತಿ ಕುಳಿತಿದೆ. ನಾನು ರೊಟ್ಟಿಯ ಬುಟ್ಟಿ ಹಿಡಿದು ಬಡಿಸುತ್ತ ಹೋದಂತೆ ಕುಳಿತವರು ಒಬ್ಬೊಬ್ಬರಾಗಿ ಎದ್ದು, ನನ್ನ ಮುಖವನ್ನೂ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಕೊನೆಗೆ ಅಂಗಳದಲ್ಲಿ ಉಳಿದವಳು ನಾನೊಬ್ಬಳೇ. ಬುಟ್ಟಿಯಲ್ಲಿಯ ರೊಟ್ಟಿ ಮಾತ್ರ ಕಡಿಮೆಯಾಗದೆ ಬೆಳೆದು ಬೆಳೆದು ತೊಲೆಗೆ ಮುಟ್ಟಿತು. ಬೆಳಿಗ್ಗೆ ಇದನ್ನು ಶಂಕ್ರೆವ್ವ ಚಿಗವ್ವನಿಗೆ ಹೇಳಿದೆ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ನಮ್ಮ ಖಾನಾವಳಿಯ ಒಲೆ ಅವಳದು, ಚಿಂತೆ ನನ್ನದು. "ರೊಟ್ಟಿ ಬೆಳದ್ವು ಅಂದ್ರ ಒಳ್ಳೇ ಕನಸ ಆತಲ್ಲ, ನಾಳಿ ಹಿಟ್ಟರೆ ಉಳೀತು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಾಳೆ ನಮ್ಮ ಅಂಗಳದಲ್ಲಿ ನಿಜವಾಗಿಯೇ ದೊಡ್ಡ ಪಂಕ್ತಿ ಇದೆ, ಅದಕ್ಕಾಗಿಯೇ ಈ ಪತ್ರ.

ಮೊದಲು ಕ್ಷಮೆ ಕೇಳಬೇಕು. ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ನನ್ನ ಓದು ಕೂಡ ಅಷ್ಟಕ್ಕಷ್ಟೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ, ಆಮೇಲೆ ಎರಡು ಸಲ ಸೇರಿ ಎರಡು ಸಲವೂ ಬಿಟ್ಟೆ. ಆದುದರಿಂದ ವಾಕ್ಯ ಎಲ್ಲಿಯಾದರೂ ಸೊಟ್ಟಗಾದರೆ ಅದು ಕಾಲದ ತಪ್ಪಲ್ಲ, ನನ್ನದೇ. ತಾರೀಖು ಮಾತ್ರ ತಪ್ಪಿಲ್ಲ. ಮಬ್ಬುಜ್ವರ ಎಂಬ ಸಾಂಕ್ರಾಮಿಕ ರೋಗ ಹೋದ ಮೇಲೆ ನಮ್ಮವರು ವರ್ಷದ ಕೊನೆಗೆ ಒಂದು ದಿನ ಹೆಚ್ಚಿಗೆ ಸೇರಿಸಿಕೊಂಡರು. ಅದು ಹಳೆಯ ವರ್ಷದ್ದೂ ಅಲ್ಲ, ಹೊಸದರದ್ದೂ ಅಲ್ಲ. ಅಂದು ಯಾರೂ ವ್ಯಾಪಾರ ಮಾಡುವುದಿಲ್ಲ. ಅಂಗಳ ಸಾರಿಸುತ್ತಾರೆ, ಪಾತ್ರೆ ಬೆಳಗುತ್ತಾರೆ, ಹಿಂದಂಚೆಗೆ ಪತ್ರ ಹಾಕುತ್ತಾರೆ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಪತ್ರ ಒಯ್ಯುವ ಅಂಚೆ. ಹೇಗೆ ಒಯ್ಯುತ್ತದೆ ಎಂದು ನನ್ನನ್ನು ಕೇಳಬೇಡಿ, ಕೆಂಪು ಪೆಟ್ಟಿಗೆಯ ಬಾಯಿ ಎಲ್ಲಿದೆ ಎಂಬುದಷ್ಟೇ ನನಗೆ ಗೊತ್ತು.

ಮಬ್ಬುಜ್ವರ ಬಂದಾಗ ನಾವು ಮೊದಲು ನೆನೆಸಿಕೊಂಡದ್ದು ನಿಮ್ಮನ್ನು. ನೀವೂ ಕೊರೊನಾ ಎಂಬುದನ್ನು ಕಂಡವರು, ಹೋಟೆಲುಗಳ ಬಾಗಿಲು ಮುಚ್ಚಿ ಮತ್ತೆ ತೆಗೆದವರು. ಆ ರೋಗದ ವಿಷಯದಲ್ಲಿ ನಿಮ್ಮ ಕಾಲದಿಂದ ನಮ್ಮವರೆಗೆ ಉಳಿದು ಬಂದದ್ದು ಬರೀ ಸೂಚನಾಫಲಕಗಳು. ದೂರ ನಿಲ್ಲಿರಿ, ಕೈ ತೊಳೆಯಿರಿ, ಮುಟ್ಟಬೇಡಿರಿ, ಹೆಚ್ಚು ಮಾತಾಡಬೇಡಿರಿ. ಅವನ್ನೆಲ್ಲ ನಾವು ಚಾಚೂ ತಪ್ಪದೆ ಪಾಲಿಸಿದೆವು, ಒಳ್ಳೆಯದೂ ಆಯಿತು. ಆದರೆ ರೋಗ ಹೋದ ಮೇಲೆ ಜನರನ್ನು ತಿರುಗಿ ಊಟಕ್ಕೆ ಕೂರಿಸಿದ್ದು ಹೇಗೆ ಎಂಬುದನ್ನು ನೀವು ಯಾರೂ ಫಲಕದ ಮೇಲೆ ಬರೆದಿಡಲಿಲ್ಲ. ಇದು ದೂರು ಅಲ್ಲ. ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ?

ಬಾಗಿಲು ಮುಚ್ಚಿದ್ದ ಕಾಲದಲ್ಲಿ ನಮ್ಮನ್ನು ಉಳಿಸಿದ್ದು ಬುತ್ತಿಬಳಗ. ಅಂದರೆ ಸುತ್ತಲಿನ ಮನೆಗಳವರು ಒಂದು ಖಾನಾವಳಿಯನ್ನು ತಮ್ಮದೆಂದು ಹಿಡಿದು, ವಾರಕ್ಕೊಮ್ಮೆ ಅಲ್ಲಿಂದಲೇ ಬುತ್ತಿ ತರಿಸಿಕೊಳ್ಳುವುದು. ಅವರ ಹೊಲದ ಜೋಳ, ಕಾಳು, ಬದನೆಕಾಯಿ ನಮಗೆ ಬರುವುದು. ಆದುದರಿಂದ ಒಲೆ ಆರಲಿಲ್ಲ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳೂ ಬೇರೆ ಕೆಲಸ ಹುಡುಕಿಕೊಂಡು ಹೋಗಲಿಲ್ಲ. ತೆರೆಯಲು ಅಪ್ಪಣೆ ಬಂದಾಗ ನಾವು ಗೋಡೆ ಒಡೆದು ಅಂಗಳ ದೊಡ್ಡದು ಮಾಡಿದೆವು, ಬೇವಿನ ಮರದ ಕೆಳಗೆ ಮಣೆ ಹಾಕಿದೆವು. ಅಡಿಗೆಮನೆಗೆ ಗೋಡೆಯ ಬದಲು ಒಲೆಗನ್ನಡಿ ಕೂರಿಸಿದೆವು. ಅದರಾಚೆ ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ ಎಂದು ಉಣ್ಣುವವರಿಗೆ ಕಾಣುತ್ತದೆ. ಚಿಗವ್ವನಿಗೆ ಇದರಿಂದ ಭಾರೀ ಹಿಗ್ಗು, ಒಲೆಯ ಮುಂದೆ ಹೊಸ ಸೀರೆ ಉಡತೊಡಗಿದಳು. ಒಳಗಿನ ಪಡಸಾಲೆಯಲ್ಲಿ ಉಸಿರುಗಂಟೆ ತೂಗುಬಿಟ್ಟೆವು. ಗಾಳಿ ಹಳಸಿತೆಂದರೆ ಅದು ತಾನೇ ಬಾರಿಸುತ್ತದೆ, ಆಗ ಎಲ್ಲರೂ ತಂತಮ್ಮ ತಾಟು ಹಿಡಿದು ಅಂಗಳಕ್ಕೆ ಬರಬೇಕು. ಮೊದಮೊದಲು ಜನ ಗೊಣಗಿದರು. ಈಗ ಗಂಟೆ ಬಾರಿಸದಿದ್ದರೆ ಕೆಟ್ಟಿತೇನು ಎಂದು ಕೇಳುತ್ತಾರೆ, ಯಾಕೆಂದರೆ ಹೊರಗೆ ನಿಂತಾಗಲೇ ಹೆಚ್ಚು ಹರಟೆ.

ಬಡಿಸುವುದಕ್ಕೆ ಮಾತ್ರ ಕೈ ಕೂಡದು ಎಂದು ಊಟದ ಚಾವಡಿಯವರು ಹೇಳಿದರು. ಜನ ಕೂಡಿ ಉಣ್ಣುವ ಜಾಗಗಳ ಆರೋಗ್ಯ ನೋಡಿಕೊಳ್ಳುವ ಕಚೇರಿ ಅದು. ಅದಕ್ಕೆ ಪ್ರತಿಯೊಂದು ಮಣೆಯ ಮುಂದೆ ಜಾರುಗೂಡು ಮಾಡಿಸಿದೆವು. ಅಡಿಗೆಮನೆಯಿಂದ ಒಂದು ಕೊಳವೆಯೊಳಗೆ ತಾಟು ಜಾರಿಕೊಂಡು ಬರುತ್ತದೆ. ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಎಲ್ಲವೂ ಅದರಲ್ಲೇ. ಪಕ್ಕಕ್ಕೆ ಒಂದು ಗುಂಡಿ. ಒತ್ತಿದರೆ ಇನ್ನೊಂದು ರೊಟ್ಟಿ ಬರುತ್ತದೆ, ಎಷ್ಟು ಸಲ ಒತ್ತಿದರೂ ಬರುತ್ತದೆ.

ಯಾರೂ ಒತ್ತಲಿಲ್ಲ.

ಜನ ಬಂದರು, ಮೊದಲು ಬಂದಷ್ಟನ್ನು ಉಂಡರು, ಕೈ ತೊಳೆದರು, ಹೋದರು. ಮತ್ತೆ ಬರಲಿಲ್ಲ. ಊಟ ಹೇಗಿತ್ತು ಎಂದು ಬಾಗಿಲಲ್ಲಿ ನಿಂತು ಕೇಳಿದರೆ, "ಚಲೋ ಇತ್ರಿ, ಆದ್ರ ಯಾಕೋ ಹೊಟ್ಟಿ ತುಂಬಲಿಲ್ಲ" ಎನ್ನುತ್ತಿದ್ದರು. ನನ್ನ ಎದೆ ಒಡೆಯಿತು. ಉಪ್ಪು ಕಡಿಮೆಯಾಯಿತೇನೋ ಎಂದು ಹೆಚ್ಚು ಮಾಡಿಸಿದೆ, ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿಸಿದೆ. ಬದನೆಕಾಯಿ ತರುವ ಊರು ಬದಲಿಸಿದೆ. ಜ್ವರ ಬಂದು ಹೋದವರ ನಾಲಿಗೆ ಕೆಟ್ಟಿರಬೇಕೆಂದು ವೈದ್ಯರನ್ನು ಕೇಳಿದೆ. ಚಿಗವ್ವ ಸಿಟ್ಟಾಗಿ, "ಇನ್ನೊಮ್ಮೆ ನನ್ನ ಉಪ್ಪಿನ ಡಬ್ಬಿಗೆ ಕೈ ಹಚ್ಚಿದ್ರ ನಿನ್ನ ಕೈಗೇ ಸವುಟ ಬೀಳತೈತಿ" ಎಂದಳು. ಇನ್ನು ಕೆಲವು ತಿಂಗಳು ಹೀಗೇ ನಡೆದರೆ ಖಾನಾವಳಿಗೆ ಬೀಗ ಹಾಕುವುದೇ ಸರಿ ಎಂದು ನಾನು ಒಳಗೊಳಗೇ ನಿಶ್ಚಯ ಮಾಡಿಕೊಂಡೆ.

ಕಪ್ಪತಗುಡ್ಡದ ಗಾಳಿಗಂಬಗಳನ್ನು ರಿಪೇರಿ ಮಾಡುವ ಮೌನೇಶ ಬಡಿಗೇರ ಎಂಬವನೊಬ್ಬ ನಮ್ಮಲ್ಲಿಗೆ ಆಗಾಗ ಬರುತ್ತಿದ್ದ. ಎತ್ತರದ ಆಳು, ಮಾತು ಕಡಿಮೆ. ಒಂದು ಮಧ್ಯಾಹ್ನ ಅವನು ತಾಟು ಬರಿದು ಮಾಡಿ, ಗುಂಡಿಯ ಕಡೆಗೆ ನೋಡಿ, ಅತ್ತಿತ್ತ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ. ಒಲೆಗನ್ನಡಿಯ ಆಚೆಯಿಂದ ಇದನ್ನು ಕಂಡ ಚಿಗವ್ವನಿಗೆ ತಡೆಯಲಾಗಲಿಲ್ಲ. ಕಿಟಕಿ ಸರಿಸಿ ಕೂಗಿದಳು.

"ಏ ಗಾಳಿಗಂಬದಾಂವ, ಉಣ್ಣಾಕ ಬಂದೀಯೋ, ಗುಂಡಿ ನೋಡಾಕ ಬಂದೀಯೋ?"

"ಸಾಕ್ರಿ ಯವ್ವಾ, ಆತು."

"ಏನ್ ಆತು? ಮುಗಿಲಿಗೆ ಏಣಿ ಹಾಕಾಂವ ಎರಡು ರೊಟ್ಟಿಗೆ ಕೈ ತೊಳ್ಕೊಂತಾನಂತ. ನಾಳಿ ಗಾಳಿಗೆ ಹಾರಿ ಹೋದ್ರ ನಿಮ್ಮವ್ವಗ ನಾ ಏನ್ ಹೇಳ್ಲಿ? ಒತ್ತು."

"ಬ್ಯಾಡ್ರಿ ಯವ್ವಾ."

"ನಾ ಬಡದ ರೊಟ್ಟಿ ಸೇರಲಿಲ್ಲ ಅಂತ ಬಾಯಿಬಿಟ್ಟು ಹೇಳಿಬಿಡು ಮತ್ತ."

ಮೌನೇಶ ಒತ್ತಿದ. ಆಮೇಲೆ ಮತ್ತೆ ಒತ್ತಿದ. ಪಕ್ಕದ ಮಣೆಯಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ, "ನಮಗೂ ಒಂದು ಮಾತು ಅನ್ರಿ, ನಾವೂ ಕುಂತೀವಿ" ಎಂದರು. ಅಂದು ಮೂರು ಗಂಟೆಯಾದರೂ ಅಂಗಳದಿಂದ ಯಾರೂ ಏಳಲಿಲ್ಲ.

ಆಗ ನನಗೆ ತಿಳಿಯಿತು. ನಮ್ಮ ಅಡಿಗೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಒತ್ತಾಯ ಕಡಿಮೆಯಾಗಿತ್ತು. ನಮ್ಮ ಕಡೆಯವರು ತಾವಾಗಿ ಕೇಳಿ ಹಾಕಿಸಿಕೊಳ್ಳುವ ಜನರಲ್ಲ. ಬೇಡ ಎನ್ನುವುದು ಅವರ ಧರ್ಮ, ಬೇಡ ಅಂದರೂ ಹಾಕುವುದು ನಮ್ಮ ಧರ್ಮ. ಹೆಚ್ಚು ಮಾತಾಡಬೇಡಿರಿ ಎಂಬ ನಿಮ್ಮ ಫಲಕ ಓದಿ ನಾವು ರೋಗದ ಜೊತೆಗೆ ಇದನ್ನೂ ಗುಡಿಸಿ ಹಾಕಿದ್ದೆವು. ರೊಟ್ಟಿ ಕೊಡಲು ಗುಂಡಿ ಸಾಲುತ್ತದೆ, ಆದರೆ ಅದು ಯಾರನ್ನೂ ಬೈಯುವುದಿಲ್ಲ.

ಅಂದಿನಿಂದ ಶುರುವಾಯಿತು ನೋಡಿ ಒತ್ತಾಯಗಾತಿಯ ಕೆಲಸ. ಅಂಗಳದ ಮೂಲೆಯಲ್ಲಿ ಒಂದು ಕಟ್ಟೆ, ಮೇಲೆ ಚಿಗವ್ವ. ಯಾರನ್ನೂ ಮುಟ್ಟುವುದಿಲ್ಲ, ಯಾರ ಹತ್ತಿರಕ್ಕೂ ಹೋಗುವುದಿಲ್ಲ. ಕುಳಿತಲ್ಲಿಂದಲೇ ಒಬ್ಬೊಬ್ಬರ ತಾಟು ನೋಡಿ, ಅವರ ಮನೆ ಮಂದಿಯನ್ನು ನೆನೆದು, ಮಾತಾಡುತ್ತಾಳೆ. ಇದು ನಿಯಮಕ್ಕೆ ವಿರುದ್ಧವಾದರೆ ಗತಿಯೇನು ಎಂದು ನನಗೆ ಊಟ ಸೇರುತ್ತಿರಲಿಲ್ಲ. ಊಟದ ಚಾವಡಿಯ ಸಬೀನಾ ನದಾಫ್ ಮೇಡಂ ನೋಡಲು ಬಂದೇ ಬಂದರು. ಬರೀ ನೋಡಿ ಹೋಗುವೆನೆಂದು ಕುಳಿತವರು ಚಿಗವ್ವನ ಮಾತಿಗೆ ಸಿಕ್ಕಿ, ಜಾರುಗೂಡಿನಿಂದ ಝುಣಕವನ್ನು ಎರಡನೆಯ ಸಲ ತರಿಸಿಕೊಂಡು, ದೂರದಿಂದ ಮಾಡುವ ಒತ್ತಾಯಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟು ಹೋದರು. ಈಗ ಗದಗದಲ್ಲಿ ಒತ್ತಾಯಗಾತಿ ಇಲ್ಲದ ಖಾನಾವಳಿಯೇ ಇಲ್ಲ. ನಿವೃತ್ತರಾದ ಮಾಸ್ತರರು, ಸಂತೆಯಲ್ಲಿ ಸವಾಲು ಕೂಗುತ್ತಿದ್ದವರು, ಎಲ್ಲರಿಗೂ ಕೆಲಸ ಸಿಕ್ಕಿದೆ. ಬೆಟಗೇರಿಯಲ್ಲಿ ಒಬ್ಬರು ಖರ್ಚು ಉಳಿಸಲು ಮಷೀನಿನಿಂದ ಒತ್ತಾಯ ಮಾಡಿಸಿ ನೋಡಿದರು, ನಡೆಯಲಿಲ್ಲ. "ಅದು ನಮ್ಮ ತಂಗಿ ಮದಿವಿ ಸುದ್ದಿನ ಕೇಳಲಿಲ್ಲ" ಎಂದು ಜನ ಎದ್ದು ನಮ್ಮಲ್ಲಿಗೆ ಬಂದರು.

ಇಷ್ಟೆಲ್ಲ ಒಳ್ಳೆಯದಾದ ಮೇಲೆ ನಾನು ನೆಮ್ಮದಿಯಾಗಿರಬೇಕಿತ್ತು. ಆದರೆ ನಾಳೆ, ಹೊಸ ವರ್ಷದ ಮೊದಲ ದಿನ, ಜ್ವರ ಬಂದ ಮೇಲೆ ಮೊಟ್ಟಮೊದಲ ಸಲ ಕೈಯಿಂದ ಬಡಿಸಲು ಅಪ್ಪಣೆಯಾಗಿದೆ. ಜಾರುಗೂಡು ಇಲ್ಲ, ಗುಂಡಿ ಇಲ್ಲ. ಮೂಗುಪರದೆ ಕಟ್ಟಿಕೊಂಡು, ಬುಟ್ಟಿ ಹಿಡಿದು, ಪಂಕ್ತಿಯ ನಡುವೆ ನಾವೇ ನಡೆಯಬೇಕು. ಇಡೀ ಜಿಲ್ಲೆಯಲ್ಲಿ ಮೊದಲಿಗೆ ನಮ್ಮಲ್ಲಿ. ಉಂಡವರು ಸಂತೋಷದಿಂದ ಎದ್ದರೆ ಎಲ್ಲ ಕಡೆಗೂ ಅಪ್ಪಣೆ ಸಿಗುತ್ತದೆ. ತಕರಾರು ಬಂದರೆ ಜಾರುಗೂಡೇ ಗತಿ ಎಂದು ಸಬೀನಾ ಮೇಡಂ ನಗುನಗುತ್ತಲೇ ಹೇಳಿದ್ದಾರೆ. ಅವರು ನಕ್ಕಷ್ಟೂ ನನಗೆ ಹೆದರಿಕೆ ಹೆಚ್ಚು.

ಮೊನ್ನೆ ಬುತ್ತಿಬಳಗದವರನ್ನೂ ಮೌನೇಶನನ್ನೂ ಕೂರಿಸಿ ಅಭ್ಯಾಸ ಮಾಡಿದೆವು. ಮಾದೇಲಿ ಎಂಬ ಸಿಹಿಯ ಪಾತ್ರೆ ಹಿಡಿದು ನಾನು ಮೌನೇಶನ ಮುಂದೆ ಬಾಗಿದೆ. ಅವನು ಸಾಕು ಎನ್ನುತ್ತ ತಾಟಿನ ಮೇಲೆ ಕೈ ಅಡ್ಡ ಹಿಡಿದ. ನಾನು ಮುಂದಿನವರ ಬಳಿಗೆ ಹೋದೆ. ತಿರುಗಿ ನೋಡಿದರೆ ಅವನ ಮುಖ ಬಾಡಿದೆ. ಚಿಗವ್ವ ಕಟ್ಟೆಯಿಂದ, "ಕಣ್ಣ ಎಲ್ಲಿ ಇಟ್ಟೀಯ ಕಸ್ತೂರಿ? ಅವನ ಬೆರಳಿನ ನಡುವ ಸಂದಿ ಇತ್ತಲ್ಲ. ಸಂದಿ ಇದ್ರ ಹಾಕಬೇಕು, ಬೆರಳು ಕೂಡಿಸಿ ಹಿಡದ್ರ ಬಿಡಬೇಕು. ನಮ್ಮವ್ವ ಹೇಳತಿದ್ಲು" ಎಂದಳು. ಸಬೀನಾ ಮೇಡಂ ಚಾವಡಿಯಲ್ಲಿದ್ದ ನಿಮ್ಮ ಕಾಲದ ಮದುವೆ ಊಟದ ಚಿತ್ರಗಳನ್ನು ತೆಗೆದು ನೋಡಿದರು. ಅವುಗಳಲ್ಲಿ ಸಂದಿ ಬಿಟ್ಟವರಿಗೂ ಹಾಕಿದ್ದಾರೆ, ಕೂಡಿಸಿ ಹಿಡಿದವರಿಗೂ ಹಾಕಿದ್ದಾರೆ, ಒಬ್ಬರ ಕೈಯ ಮೇಲೆಯೇ ಸುರಿದಿದ್ದಾರೆ. ಮೌನೇಶನನ್ನೇ ಕೇಳಿದೆವು. "ನನಗೇನ್ ಗೊತ್ತರಿ, ಕೈ ತಾನ ಹೋತು" ಎಂದ. ಅಲ್ಲಿಗೆ ಮುಗಿಯಿತು.

ಮೇಡಂ ಹೇಳುವುದರಲ್ಲಿಯೂ ತಪ್ಪಿಲ್ಲ. "ಬಲವಂತಕ್ಕೂ ಒಂದು ಮಿತಿ ಇರ್ಬೇಕಲ್ಲ ಕಸ್ತೂರೆವ್ವ. ಖರೇನ ಸಾಕಾದವರು ಹೆಂಗ ಹೇಳ್ಬೇಕು?" ಎಂದು ಕೇಳುತ್ತಾರೆ. ಹಾಕಬಾರದವರಿಗೆ ಹಾಕಿದರೆ ತಕರಾರು. ಹಾಕಬೇಕಾದವರನ್ನು ಬಿಟ್ಟರೆ ಅವರು ತಕರಾರನ್ನೂ ಮಾಡದೆ ಎದ್ದು ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು.

ಆದುದರಿಂದ ಪೂರ್ವಿಕರೇ, ಒಂದು ಉಪಕಾರ ಮಾಡಿರಿ. ಇಂದು ಸಂಜೆ ಇದನ್ನು ಹಿಂದಂಚೆಗೆ ಹಾಕುತ್ತೇನೆ. ಉತ್ತರವನ್ನು ಗದಗದ ಯಾವುದಾದರೂ ಖಾನಾವಳಿಯ ಗೋಡೆಯ ಮೇಲೆ ಎಣ್ಣೆಬಣ್ಣದಿಂದ ಬರೆದು, ಮೇಲೆ ಸುಣ್ಣ ಹಚ್ಚಿಬಿಡಿರಿ. ನಾಳೆ ಬೆಳಿಗ್ಗೆ ಅಂಚೆಯವರು ಹಳೆಯ ಗೋಡೆಗಳ ಪದರ ಬಿಡಿಸಿ ಓದುತ್ತಾರೆ. ಅವಸರವಿಲ್ಲ, ನಿಮಗೆ ನೂರೈವತ್ತು ವರ್ಷ ಸಮಯವಿದೆ. ನನಗೆ ನಾಳೆ ಊಟದ ಹೊತ್ತಿನವರೆಗೆ ಮಾತ್ರ. ಮುಂದಿನ ಸಲ ಪಂಕ್ತಿಗೆ ಕುಳಿತಾಗ ಪಕ್ಕದವರ ಕೈ ನೋಡಿರಿ. ಸಾಕು ಎಂದು ಅಡ್ಡ ಹಿಡಿದ ಕೈಯಲ್ಲಿ ಸಂದಿ ಇದ್ದಾಗ ಬಡಿಸಿದರೆ ಅವರ ಮುಖ ಅರಳುತ್ತದೆಯೋ, ಗಂಟಾಗುತ್ತದೆಯೋ, ಅಷ್ಟು ಸಾಕು. ಅವರಿಗೆ ತಿಳಿಯದಂತೆ ನೋಡಬೇಕು, ತಿಳಿದರೆ ಬೆರಳು ಬದಲಿಸಿಬಿಡುತ್ತಾರೆ. ಮತ್ತೆ, ಸಂದಿ ಎಂದರೆ ನಾಲ್ಕು ಬೆರಳಿನ ನಡುವಿನದು ಮಾತ್ರವೋ, ಹೆಬ್ಬೆರಳಿನದೂ ಸೇರಿಯೋ? ಮೌನೇಶನ ಹೆಬ್ಬೆರಳು ಯಾವಾಗಲೂ ದೂರವೇ ಇರುತ್ತದೆ. ಅದನ್ನೊಂದು ದಯವಿಟ್ಟು ನೋಡಿ ಹೇಳಿರಿ.