ಪುಸ್ತಕದ ಬದನೆಕಾಯಿ

ತಗಡಿನ ಅಂಗಡಿಯಿಂದ,
ಹನ್ನೊಂದನೇ ತಾರೀಕು, ಮಂಗಳವಾರ

ನನ್ನ ಗುಬ್ಬಿಗೆ ಅಜ್ಜಿಯ ಮುತ್ತುಗಳು.

ಹೇಗಿದ್ದೀಯೇ? ಕೆಮ್ಮು ಹೋಯಿತೆ? ನಿನ್ನ ಕೋಣೆಯ ಜೊತೆಗಾತಿ ಉದ್ದಕ್ಕನ ಹಲ್ಲುನೋವು ಇಳಿಯಿತೆ? ಇಲ್ಲಿ ನಿನ್ನಪ್ಪ, ಅಮ್ಮ, ಬೆಕ್ಕು ಎಲ್ಲ ಕ್ಷೇಮ. ನನ್ನ ಮೊಣಕಾಲು ಮಾತ್ರ ಹಟ ಹಿಡಿದಿದೆ. ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕುಂಟುತ್ತಲೇ ಬಾಗಿಲಿಗೆ ಬರುತ್ತೇನೆ.

ಕೋಪ ಇನ್ನೂ ಇದೆಯೇನೋ. ರಜೆಯಲ್ಲಿ ಬಂದಾಗ, ಆಸ್ಪತ್ರೆಯ ಮಾಳಿಗೆಯ ಚೆಂಡಿನಂಥ ನೀರಿನ ತೊಟ್ಟಿಗೆ ನಾನು ಓರೆಯಾಗಿ ಮೊಟ್ಟೆಯಂಥ ಬಾಯಿ ಬರೆದಿದ್ದ ಚಿತ್ರ ನೋಡಿ ನೀನು, "ಅಜ್ಜಿ, ಚೆಂಡನ್ನ ಎಷ್ಟೇ ಓರೆಯಾಗಿ ಕೊಯ್ದರೂ ಬಾಯಿ ದುಂಡಗೇ ಇರುತ್ತೆ" ಅಂದೆ. ನಾನು ಬದನೆಕಾಯಿಯನ್ನು ಓರೆಯಾಗಿ ಕೊಯ್ದು, ಮೊಟ್ಟೆಯಂಥ ಹೋಳನ್ನು ಎಲ್ಲರೆದುರು ಎತ್ತಿ ಹಿಡಿದು, "ಇದು ಅಡುಗೆಮನೆಯ ಬದನೆಕಾಯಿ, ನಿನ್ನದು ಪುಸ್ತಕದ್ದು!" ಎಂದು ನಗಾಡಿದೆ. ಎಲ್ಲರೂ ನಕ್ಕರು, ನೀನು ನಗಲಿಲ್ಲ. ಏನು ಮಾಡಲಿ, ಜೀವಮಾನವಿಡೀ ಕೊಳವೆಗಳನ್ನೇ ಕೊಯ್ದ ಕೈ ಇದು. ಓರೆ ಎಂದರೆ ಮೊಟ್ಟೆ ಎಂದೇ ಕಲಿತಿತ್ತು. ತೊಟ್ಟಿಯ ಮುಚ್ಚಳವನ್ನೂ ಹಾಗೇ ಕೊಯ್ದುಬಿಟ್ಟೆ.

ನಿನ್ನೆ ಕಿತ್ತಳೆ ಹಣ್ಣನ್ನು ಓರೆಯಾಗಿ ಕೊಯ್ದೆ, ದುಂಡು. ಇನ್ನೊಂದು ಕೊಯ್ದೆ, ಅದೂ ದುಂಡು. ನಿನ್ನಮ್ಮ, "ಅತ್ತೆ, ಹಣ್ಣು ತಿನ್ನೋಕೋ, ಪರೀಕ್ಷೆಗೋ?" ಅಂದಳು. ಅಂಗೈಯಲ್ಲಿ ಹಣ್ಣು ತಿರುಗಿಸಿದರೆ ಓರೆಯೇ ನೇರವಾಯಿತು! ಚೆಂಡಿಗೆ ಓರೆಯೆಂಬುದೇ ಇಲ್ಲ ಕಣೇ, ಓರೆ ಇದ್ದದ್ದು ನನ್ನ ಕಣ್ಣಲ್ಲಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿದೆ. ಚೆಂಡಿನ ಒಳಗಿನ ನಟ್ಟನಡು ಚುಕ್ಕೆಯಿಂದ, ಕೊಯ್ದ ಮೈಗೆ ನೆಟ್ಟಗೆ ಒಂದು ಕಡ್ಡಿ, ಅಂಚಿಗೆ ಒಂದು ದಾರ. ಅಂಚಿನಲ್ಲಿ ಎಲ್ಲಿಗೆ ಎಳೆದರೂ ಅದೇ ದಾರ, ಅದೇ ಕಡ್ಡಿ. ಹಾಗಾದರೆ ಕಡ್ಡಿಯ ತುದಿಯಿಂದ ಅಂಚಿಗೂ ಎಲ್ಲೆಡೆ ಒಂದೇ ದೂರ. ದುಂಡು ಅಂದರೆ ಅದೇ ಅಲ್ಲವೇನೇ? ನೀನು ಹೇಳಿದಾಗ ಕೇಳಿಸಿಕೊಳ್ಳಬಾರದಿತ್ತೆ ಈ ಮುದುಕಿ!

ಹೊತ್ತಿಗೆ ಸರಿಯಾಗಿ ಉಣ್ಣು. ಉದ್ದಕ್ಕನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ,
ತಗಡಜ್ಜಿ

ಮರೆತೆ: ಇದ್ದದ್ದೇ ಎರಡು ತಗಡು, ಒಂದು ಮೊಟ್ಟೆಯಾಗಿ ಹಾಳಾಯಿತು. ಶನಿವಾರ ಆಸ್ಪತ್ರೆಯವರು ಮಾಳಿಗೆಯಲ್ಲಿ ತೊಟ್ಟಿಯ ಬಾಯಿ ಕೊಯ್ಯಿಸುತ್ತಾರೆ, ಅಷ್ಟರಲ್ಲಿ ಮುಚ್ಚಳ ಬೇಕು. ಕಾಯಿಲೆಯವರು ಕುಡಿಯುವ ನೀರು ಕಣೇ, ತೆರೆದಿಡುವಂತಿಲ್ಲ. ಈ ತೊಟ್ಟಿಯಲ್ಲಿ ದಾರ ಐವತ್ತು ಸೆಂಟಿಮೀಟರ್, ಕಡ್ಡಿ ಮೂವತ್ತು. ಬಾಯಿಯ ನಡುವಿನಿಂದ ಅಂಚಿಗೆಷ್ಟು? ನಿನ್ನಪ್ಪ, "ಐವತ್ತರಲ್ಲಿ ಮೂವತ್ತು ಹೋದ್ರೆ ಇಪ್ಪತ್ತು, ಇದಕ್ಕೂ ಕಾಗದವಾ?" ಅನ್ನುತ್ತಾನೆ. ನೇರ ಮೂಲೆ ಹಿಡಿಯುವ ಮೂಲೆಮಟ್ಟ ಇಟ್ಟು ಅಳೆದರೆ ನನಗೆ ನಲವತ್ತು ಬರುತ್ತಿದೆ. ಅವನು ಉಳಿದ ತಗಡನ್ನೂ ಕೊಯ್ದುಬಿಡದಂತೆ ಕತ್ತರಿಯನ್ನು ಬಚ್ಚಿಟ್ಟಿದ್ದೇನೆ. ನನ್ನದು ಅಡುಗೆಮನೆಯ ಬದನೆಕಾಯಿ, ಈಗ ಪುಸ್ತಕದ್ದೇ ಬೇಕು. ನೀನು ಹೇಳಿದ್ದೇ ಸರಿ ಎಂದು ಎಲ್ಲರೆದುರು ಒಪ್ಪಿಕೊಂಡೂ ಆಗಿದೆ. ಬೈದಾದರೂ ಸರಿ, ಬೇಗ ಬರೆಯೇ.