ಲಂಗರು ಬಿಡುವ ಮುನ್ನ

ಮುಳುಗಡೆಯ ನೂರ ಹದಿನೇಳನೆಯ ವರ್ಷ, ನೀರು ತಣಿಯುವ ತಿಂಗಳು, ಐವತ್ತೆರಡನೆಯ ದಿನ.

ನಮಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಕಡಲು ಹಳೆಯ ಹೊನ್ನಾವರದ ಪೇಟೆಯೊಳಗೆ ಬಂದು ಹಿಂದಿರುಗದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನಮ್ಮ ತಿಂಗಳಿಗೆ ಅರವತ್ತು ದಿನ. ನಾನು ಏಳನೆಯ ತರಗತಿಯವರೆಗೆ ಓದಿದವಳು, ದಿನಚರಿ ಬರೆದು ಮಾತ್ರ ರೂಢಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಿಮ್ಮ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಸತ್ತವರ ಬೂದಿಯನ್ನು ಚಿಪ್ಪಿನ ಸುಣ್ಣದಲ್ಲಿ ಕಲಸಿ ತೆಂಗಿನಕಾಯಿ ಗಾತ್ರದ ಕಲ್ಲು ಮಾಡುತ್ತೇವೆ. ಅದಕ್ಕೆ ಬೀಜಗಲ್ಲು ಎಂದು ಹೆಸರು. ನೇತ್ರಾಣಿ ದ್ವೀಪದ ಸುತ್ತ ಸತ್ತು ಬೆಳ್ಳಗಾದ ಹವಳದ ದಿಬ್ಬಗಳ ಮೇಲೆ ಅದನ್ನು ಇಡುತ್ತೇವೆ. ಗುರುತಿಗೆ ಹಗ್ಗ ಕಟ್ಟಿ ನಿಮ್ಮ ಕಾಲದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಮೇಲೆ ತೇಲಬಿಡುತ್ತೇವೆ; ನೀವು ಬಿಟ್ಟುಹೋದದ್ದರಲ್ಲಿ ಕೆಡದೆ ಉಳಿದದ್ದು ಅದೊಂದೇ. ಕಲ್ಲಿಗೆ ಜೀವಂತ ಹವಳ ಹತ್ತಿದರೆ ‘ಚಿಗುರಿತು’ ಎನ್ನುತ್ತೇವೆ. ಆಮೇಲೆ ಅದು ಮುಟ್ಟದ ನೀರು. ಅಲ್ಲಿ ಯಾರೂ ಬಲೆ ಬೀಸುವುದಿಲ್ಲ, ಸತ್ತವರ ಹೆಸರು ಕಡಲ ನಕ್ಷೆಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಮೂರು ವರ್ಷಕ್ಕೂ ಚಿಗುರದಿದ್ದರೆ ಕಲ್ಲನ್ನು ಎತ್ತಿ ಜಾಗವನ್ನು ಬೇರೆ ಮನೆಯವರಿಗೆ ಕೊಡುತ್ತಾರೆ. ನನ್ನ ಮಗಳು ಕೇತಕಿ ಜ್ವರದಲ್ಲಿ ಹೋದಾಗ ಅವಳಿಗೆ ಹತ್ತೊಂಬತ್ತು. ಅವಳ ಕಲ್ಲಿಗೆ ಈ ತಿಂಗಳು ಮೂರು ವರ್ಷ ತುಂಬಿತು.

ನಮ್ಮ ಮನೆಯಲ್ಲಿ ನಿಮ್ಮ ಕಾಲದ ಒಂದು ಫೋಟೋ ಇದೆ. ನನ್ನ ಮುತ್ತಜ್ಜಿಯ ಅಜ್ಜಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಇದೇ ದ್ವೀಪದೆದುರು, ದೋಣಿಯಲ್ಲಿ ಗೆಳತಿಯರ ನಡುವೆ ಮುರಿದ ಹವಳದ ಕೊಂಬೆ ಹಿಡಿದು ನಗುತ್ತಿದ್ದಾಳೆ. ದಿನಾ ಅವಳನ್ನು ಶಪಿಸಿ, ಆಮೇಲೆ ಅವಳ ಮುಂದೆ ದೀಪ ಹಚ್ಚುತ್ತಿದ್ದೆ.

ಕೇತಕಿಯ ಕಲ್ಲನ್ನು ಎತ್ತಿ ತರಲು ಹಾಯಿದೋಣಿಯಲ್ಲಿ ಒಂಬತ್ತು ಮಂದಿ ಹೊರಟೆವು. ಹೋಗಿಬರಲು ಮೂರು ದಿನದ ಪ್ರಯಾಣ, ಉಪ್ಪುನೀರಲ್ಲಿ ಬೆಳೆಯುವ ಕಗ್ಗದ ಅಕ್ಕಿಯ ಗಂಜಿ, ಒಣಮೀನು. ಮೊದಲ ದಿನ ಬಸವರಾಜದುರ್ಗದ ನಡುಗಡ್ಡೆಯನ್ನು ಸುತ್ತಿದೆವು, ಎರಡನೆಯ ದಿನ ಬೆಳಿಗ್ಗೆ ನೇತ್ರಾಣಿ ಕಂಡಿತು. ದಿಬ್ಬದ ಮೇಲೆ ಲಂಗರು ಬಿಡುವ ಮೊದಲು ಒಬ್ಬರು ಮುಳುಗಿ ನೋಡಬೇಕೆಂಬುದು ಹಿರಿಯರು ಮಾಡಿದ ಕ್ರಮ. ಆದರೆ ಮೂವತ್ತು ವರ್ಷಗಳಿಂದ ಒಂದು ಕಲ್ಲೂ ಚಿಗುರಿರಲಿಲ್ಲ. ನೋಡುವ ರೂಢಿಯೇ ತಪ್ಪಿಹೋಗಿತ್ತು.

ಜೊತೆಗಿದ್ದ ಸಾವೇರ ಅಂಗಿ ಬಿಚ್ಚಿ, ಇಳಿದು ನೋಡುತ್ತೇನೆ ಎಂದ. ದೋಣಿ ನಡೆಸುವ ತಾಂಡೇಲ ಜಟ್ಟಪ್ಪ ನಕ್ಕುಬಿಟ್ಟ. “ನಿನ್ ಹೊಟ್ಟೆ ಕಂಡ್ರೆ ಇದ್ದ ಮೀನೂ ಓಡ್ತದೆ ಮಾರಾಯ. ಕೆಳಗೆ ಎಂತ ಇದೆ ಅಂತ ನೋಡೂದು? ತುಳಸಕ್ಕ, ನೀ ಬಿಡು ಲಂಗರು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಲಂಗರು ಇಳಿಸುವ ಹಕ್ಕು ಸತ್ತವರ ಮನೆಯವರದು. ಕೇತಕಿಯ ಬಾಟಲಿ ಹತ್ತು ಮಾರು ದೂರದಲ್ಲಿ ತೇಲುತ್ತಿತ್ತು. ಮೂರು ವರ್ಷದಲ್ಲಿ ಹಗ್ಗ ಸಡಿಲಾಗಿ ಸೆಳೆತಕ್ಕೆ ಬಾಟಲಿ ಸರಿದು, ಕಲ್ಲು ನಮ್ಮ ದೋಣಿಯ ಕೆಳಗೇ ಇರಬಹುದೆಂದು ನನಗೆ ಹೊಳೆಯಲಿಲ್ಲ. ಎರಡೂ ಕೈಯಿಂದ ಎತ್ತಿ ಬಿಟ್ಟೆ.

ಆಮೇಲೆ ಸಾವೇರ ಇಳಿದ. ಮೇಲೆ ಬಂದವನು ದೋಣಿಯ ಅಂಚು ಹಿಡಿದು ಮುಷ್ಟಿ ಬಿಚ್ಚಿದ. ಅವನ ಅಂಗೈಯಲ್ಲಿ ಹೆಬ್ಬೆರಳುದ್ದದ ಕಂದು ಹವಳದ ತುಂಡಿತ್ತು, ಹಸಿಯಾಗಿ, ಜೀವಂತವಾಗಿ. ನನ್ನ ಲಂಗರಿನ ಕೆಳಗೆ ಕಲ್ಲು ಎರಡು ಹೋಳಾಗಿ, ಅದರ ಮೇಲೆ ಬೆಳೆದದ್ದೆಲ್ಲ ಪುಡಿಯಾಗಿತ್ತು.

ಜಟ್ಟಪ್ಪ ದೋಣಿಯ ಪುಸ್ತಕ ತೆರೆದ. “ಚಿಗುರಿದೆ ಅಂತ್ಲೇ ಬರಿತೆ ಅಕ್ಕಾ. ಹೆಸರಾದ್ರೂ ಉಳೀಲಿ. ಯಾರು ಬಂದು ಮುಳ್ಗಿ ನೋಡ್ತ್ರು?”

“ನೋಡ್ದೇ ಇದ್ದದ್ದಕ್ಕೇ ಹಿಂಗಾದದ್ದು,” ಎಂದೆ. “ಆದದ್ದೇ ಬರಿ.”

ಅವನು ಬರೆದ: ಚಿಗುರಿತ್ತು. ತಾಯಿಯ ಲಂಗರು ಬಿದ್ದು ಒಡೆಯಿತು.

ಅವಳ ಹೆಸರು ನಕ್ಷೆಗೆ ಬರಲಿಲ್ಲ. ಕಲ್ಲಿನ ಎರಡು ಹೋಳೂ ಈಗ ಆ ಫೋಟೋದ ಪಕ್ಕದಲ್ಲಿವೆ. ಮನೆಗೆ ಬಂದ ದಿನ ದೀಪ ಹಚ್ಚಿದೆ, ಶಪಿಸಲು ಬಾಯಿ ಬರಲಿಲ್ಲ. ನಿಮ್ಮನ್ನು ಕ್ಷಮಿಸಿದೆನೆಂದು ತಿಳಿಯಬೇಡಿ. ಕೆಳಗೇನೂ ಇಲ್ಲವೆಂದು ನಂಬಲು ನಮಗೆ ಕಲಿಸಿದವರು ನೀವು.

ನಿಮ್ಮ ಕಡಲಿನಲ್ಲಿ ಜೀವಂತ ಹವಳ ಇನ್ನೂ ಇದೆ. ರಜೆಗೆಂದು ಗುಂಪು ಕಟ್ಟಿಕೊಂಡು ದ್ವೀಪ ನೋಡಲು ಹೋದಾಗ, ಲಂಗರು ಬಿಡುವ ಮುನ್ನ ಒಬ್ಬರನ್ನು ಇಳಿಸಿ. ಯಾರಾದರೂ ನಕ್ಕರೆ ನಗಲಿ. ನೀವು ನಗಬೇಡಿ.

ತುಳಸಿ ಹರಿಕಂತ್ರ,
ಕೇತಕಿಯ ತಾಯಿ