ಬದುಕಿದ್ದರೆ ಲಿಯಾವ್, ಸತ್ತರೆ ಜಾಂಗ್

ಮಿಂಗ್‌ತ್ಸೈ,

ನೀನು ಸತ್ತು ಎರಡು ವರ್ಷವಾಯಿತು; ಹಾಗಾಗಿ ಈ ಕಾಗದಕ್ಕೆ ಅಂಚೆಚೀಟಿಯ ಖರ್ಚಿಲ್ಲ. ಇವತ್ತು ನಮ್ಮೂರು ಶೀಲುವೋದಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆಯಾಯಿತು. ಹುಡುಗ ನಿಮ್ಮ ಜಾಂಗ್ ಮನೆತನದವನೇ!

ನಮ್ಮ ಮನೆತನದ ಕಥೆ ನಿನಗೆ ಬಾಯಿಪಾಠ. ಹಿಂದೆ ಚೀನಾದ ಫೂಜಿಯನ್‌ನಲ್ಲಿ ಜಾಂಗ್ ಹುಡುಗನೊಬ್ಬ ಲಿಯಾವ್ ಕುಟುಂಬಕ್ಕೆ ಮನೆಅಳಿಯನಾದ. ಮಾವನ ಋಣಕ್ಕೆ ಅವನ ಸಂತಾನ ಬದುಕಿರುವಷ್ಟು ದಿನ ಲಿಯಾವ್. ಹುಟ್ಟಿದ ಮನೆಯ ಋಣಕ್ಕೆ ಗೋರಿಕಲ್ಲಿನ ಮೇಲೆ ಜಾಂಗ್. ಆ ಕರಾರನ್ನು ಹೊತ್ತುಕೊಂಡೇ ನಮ್ಮವರು ಕಡಲು ದಾಟಿ ತೈವಾನಿಗೆ ಬಂದರು. ಅದನ್ನೇ ಮುಂದಿಟ್ಟು ಮೂವತ್ತೆಂಟು ವರ್ಷದ ಹಿಂದೆ ದೊಡ್ಡಪ್ಪ, "ನಮ್ಮದೂ ಜಾಂಗ್ ರಕ್ತಾನೇ, ಅವನು ನಿನಗೆ ಅಣ್ಣ ಆಗ್ಬೇಕು ಕಣೇ, ನಾಚಿಕೆ ಇಲ್ವಾ?" ಎಂದು ನಮ್ಮ ಮದುವೆ ತಪ್ಪಿಸಿದರು. ನಾನು ಒಂಟಿಯಾಗಿಯೇ ಉಳಿದೆ. ಹೆಣ್ಣಾಗಿ ಸಿಗದ ನಿನ್ನ ಹೆಸರು, ಹೆಣವಾದಾಗ ಪುಕ್ಕಟೆ ಸಿಗುತ್ತದೆ.

ಮದುವೆಯೂಟದಲ್ಲಿ ಪಕ್ಕದಲ್ಲೇ ಕೂತಿದ್ದ ಅವರನ್ನು ಕೇಳಿಯೇಬಿಟ್ಟೆ: "ದೊಡ್ಡಪ್ಪ, ಇವಳಿಗೆ ಈ ಹುಡುಗ ಅಣ್ಣ ಆಗಲ್ವಾ?"

"ಬೇಡ ಅಂದೆ ಕಣಮ್ಮ. ಮೂರು ದಿನ ಊಟ ಬಿಟ್ಟು ಕೂತ್ಲು. ಇನ್ನೇನ್ಮಾಡ್ಲಿ, ಒಪ್ಕೊಂಡೆ." ಬಾಯೊರೆಸಿಕೊಂಡು ಮುಂದುವರಿಸಿದರು: "ನೀನೂ ಆವತ್ತು ಒಂದೇ ಒಂದು ಹೊತ್ತು ಉಪವಾಸ ಕೂತಿದ್ರೆ ಒಪ್ತಿದ್ದೆ. ನೀನು ತಲೆ ಬಗ್ಗಿಸ್ಕೊಂಡು ಎರಡು ಬಟ್ಟಲು ಅನ್ನ ಉಂಡೆ. ಹುಡುಗಿಗೇ ಮನಸ್ಸಿಲ್ಲ ಅಂದ್ಕೊಂಡೆ."

ಹೌದು, ಉಂಡಿದ್ದೆ. ಬೇಗ ಮುಗಿಸಿ ನಿನ್ನ ಹತ್ತಿರ ಬರಲೆಂದು; ಆಗ ನೀನು ಹೊರಗೆ ಸೈಕಲ್ ಹಿಡಿದು ಕಾಯುತ್ತಿದ್ದೆ.

ನಾನು ಅವರ ಬಟ್ಟಲಿಗೆ ಇನ್ನೊಂದು ಮೀನಿನ ತುಂಡು ಹಾಕಿ, "ಮುಳ್ಳಿದೆ, ನೋಡ್ಕೊಂಡು ತಿನ್ನಿ" ಎಂದೆ.